ಬರಲ್ಲ

ಮಕ್ಕಳ ವಾರ್ಡು, ಎರಡನೆಯ ಮಹಡಿ
ಬುಧವಾರ, ಮಧ್ಯಾಹ್ನ

ಪೀಪಿಯ ಅಪ್ಪನಿಗೆ, ನಮಸ್ಕಾರ.

‘ನಾವೆಲ್ಲ ಕ್ಷೇಮ’ ಎಂಬ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಆದ್ದರಿಂದ ನೇರವಾಗಿ ವಿಷಯಕ್ಕೇ ಬರುತ್ತೇನೆ. ನಿಮ್ಮ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಎಚ್ಚರವಾಗಿದ್ದಾಳೆ, ಮಾತಾಡುತ್ತಿದ್ದಾಳೆ, ಬೆಳಗ್ಗೆ ಅರ್ಧ ಲೋಟ ಹಾಲು ಕುಡಿದಿದ್ದಾಳೆ. ಇಷ್ಟನ್ನು ಓದಿಕೊಂಡು, ಎಲ್ಲಾದರೂ ಕೂತುಕೊಂಡು, ಆಮೇಲೆ ಮುಂದಕ್ಕೆ ಓದಿ.

ಫೋನ್ ಮಾಡಬಾರದಿತ್ತೇ ಎಂದು ಕೇಳುತ್ತೀರಿ. ನನ್ನ ನಂಬರು ಕಂಡರೆ ನೀವು ಎತ್ತುವುದಿಲ್ಲ. ನಿಮ್ಮ ಅಮ್ಮನ ಫೋನಿನಿಂದ ಮಾಡಿದರೆ ಎತ್ತುತ್ತೀರಿ, ಗೊತ್ತು. ಅದನ್ನು ಹಿಡಿದುಕೊಂಡು ಕಾರಿಡಾರಿನ ತುದಿಯವರೆಗೆ ಹೋಗಿ ನಿಂತೂ ಬಂದೆ. ನೀವು ‘ಹಲೋ’ ಎನ್ನುತ್ತೀರಿ, ನಾನು ‘ಏನಿಲ್ಲ, ಸ್ವಲ್ಪ ಕತ್ತು ನೋವು ಅಷ್ಟೇ’ ಅಂದುಬಿಡುತ್ತೇನೆ. ಬಾಯಲ್ಲಿ ಹೇಳುವಾಗ ನನಗೆಲ್ಲಿಂದಲೋ ಪೌರುಷ ಬಂದುಬಿಡುತ್ತದೆ. ಕಾಗದದ ಮೇಲೆ ಅಷ್ಟು ಬರುವುದಿಲ್ಲ. ಹಾಗಾಗಿ ಬರೆದು ನನ್ನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಅರ್ಧ ಮಾತ್ರ ಗೊತ್ತು. ಅವನನ್ನು ಕೆದಕಬೇಡಿ, ಕೆದಕಿದರೆ ಅಳುತ್ತಾನೆ. ಆಳಿನ ಗಾತ್ರ ನೋಡಿ ಮೋಸಹೋಗಬೇಡಿ.

ಈ ಹಾಳೆ ನಿಮ್ಮ ಕಾರ್ಖಾನೆಯ ಕಾಗದವಲ್ಲ ಎಂದು ಮುಟ್ಟಿದ ಕೂಡಲೇ ನಿಮಗೆ ತಿಳಿಯುತ್ತದೆ. ದಾದಿಯ ಮೇಜಿನಿಂದ ಕೇಳಿ ತಂದದ್ದು. ಶಾಯಿ ಹರಡುತ್ತಿದೆ. ಎಲ್ಲೆಲ್ಲಿ ಹರಡಿದೆಯೋ ಅಲ್ಲೆಲ್ಲ ನಾನು ಅತ್ತಿದ್ದೇನೆಂದು ತಿಳಿಯಬೇಡಿ.

ಟಾನ್ಸಿಲ್ ತೆಗೆಸಬೇಕಾಗಿದ್ದದ್ದು ನಿಮಗೂ ಗೊತ್ತಿದ್ದ ಸಂಗತಿ. ಮಲಗಿದ ಮಗುವಿನ ಗಂಟಲಿನಿಂದ ಸಣ್ಣಗೆ ಸೀಟಿ ಹೊರಡುವುದನ್ನು ಕೇಳಿ ಅವಳಿಗೆ ಪೀಪಿ ಎಂದು ಹೆಸರಿಟ್ಟವರೇ ನೀವು. ಒಂಬತ್ತು ತುಂಬಿದರೂ ಆ ಹೆಸರೂ ಹೋಗಲಿಲ್ಲ, ಆ ಸೀಟಿಯೂ ಹೋಗಲಿಲ್ಲ. ಪರೀಕ್ಷೆ ಬಂತೆಂದರೆ ಜ್ವರ, ಗಾಳಿ ಬೀಸಿತೆಂದರೆ ಜ್ವರ. ಗಂಟಲು ಡಾಕ್ಟರು ಬಾಯಿ ತೆರೆಸಿ ನೋಡಿದವರೇ, “ಎರಡು ಗೋಲಿ ಇಟ್ಕೊಂಡು ಉಸಿರಾಡ್ತಿದಾಳಲ್ರೀ ಈ ಹುಡುಗಿ!” ಎಂದು ನಕ್ಕರು. ಸದಾ ನಗುವ ಮನುಷ್ಯ ಅವರು. ಸಣ್ಣ ಆಪರೇಷನ್ನು, ಮಾರನೆಯ ದಿನ ಮನೆಗೆ, ಆಮೇಲೆ ಐಸ್‌ಕ್ರೀಮಿನ ಹಬ್ಬ ಎಂದರು. ಪೀಪಿ ಐಸ್‌ಕ್ರೀಮಿನ ಮಾತೊಂದನ್ನೇ ಕೇಳಿಸಿಕೊಂಡು ಒಪ್ಪಿದಳು.

ದಿನ ಗೊತ್ತಾದ ಮೇಲೆ ನಿಮಗೆ ಸಂದೇಶ ಕಳಿಸಿ, ಬರ್ತೀರಾ ಎಂದು ಕೇಳಿದೆ. ನೀವು ಬರೆದದ್ದು ಒಂದೇ ಪದ. ಬರಲ್ಲ. ಮುಂದೆ ಒಂದು ಚುಕ್ಕಿ. ಆ ಚುಕ್ಕಿಯನ್ನು ನೋಡುತ್ತ ನಾನು ಬಹಳ ಹೊತ್ತು ಅಂಗಡಿಯ ಗಲ್ಲಾದ ಹಿಂದೆ ಕೂತಿದ್ದೆ.

ಅವಳಿಗೆ ಮಾತ್ರ ಅಪ್ಪ ಬರ್ತಾರೆ ಎಂದೇ ಹೇಳಿದೆ. ಹೇಳದಿದ್ದರೆ ಆಪರೇಷನ್ ಕೋಣೆಯೊಳಕ್ಕೆ ಅವಳನ್ನು ಕಳಿಸುವುದು ಹೇಗೆ? ಎಚ್ಚರವಾದಾಗ ಅವಳು ಮೊದಲು ನೋಡಿದ್ದು ಬಾಗಿಲನ್ನು. ನಿಮ್ಮ ರೈಲು ತಪ್ಪಿತಂತೆ ಎಂದೆ. ಗಂಟಲಲ್ಲಿ ಹಸಿ ಗಾಯವಿರುವವಳು ಮರುಪ್ರಶ್ನೆ ಹಾಕಲಾರಳು ಎಂಬ ಧೈರ್ಯದ ಮೇಲೆ ಹೇಳಿದ ಸುಳ್ಳು ಅದು. ಅವಳು ಕಣ್ಣು ಮುಚ್ಚಿಕೊಂಡಳು.

ಮನೆಗೆ ಕಳಿಸುವಾಗ ಡಾಕ್ಟರು ಒಂದೇ ವಿಷಯಕ್ಕೆ ಹೆದರಿಸಿ ಕಳಿಸಿದ್ದರು. ಗಾಯದ ಹಕ್ಕಳೆ ಉದುರುವ ಸಮಯದಲ್ಲಿ ರಕ್ತ ಬರಬಹುದು, ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದು. ನಾನು ರಕ್ತವನ್ನೇ ಕಾಯತೊಡಗಿದೆ. ದಿಂಬಿನ ಮೇಲೆ ರಕ್ತ ಹುಡುಕಿದೆ, ಉಗುಳಿನಲ್ಲಿ ಹುಡುಕಿದೆ, ಹೊತ್ತು ಹೊತ್ತಿಗೆ ಟಾರ್ಚು ಹಿಡಿದು ಗಂಟಲೊಳಗೆ ಹುಡುಕಿದೆ. ಒಳಗೆ ಎರಡು ಕಡೆಯೂ ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿತ್ತು. ಬೆಳ್ಳಗಿದ್ದರೆ ಒಳ್ಳೆಯದೆಂದು ಹೇಳಿದ್ದರು, ಅಷ್ಟರಿಂದಲೇ ಸಮಾಧಾನಪಡುತ್ತಿದ್ದೆ. ಇಷ್ಟು ದಿನ ನಾನು ಕಾದದ್ದು ಮುಂಬಾಗಿಲನ್ನು, ಕಳ್ಳ ನುಗ್ಗಿದ್ದು ಹಿತ್ತಿಲಿನಿಂದ.

ಈ ನಡುವೆ ಅವಳು ಮುಖ ತಿರುಗಿಸಿಕೊಂಡಳು.

ಮೊದಲು ಒಂದು ಚೂರು, ಯಾರೋ ಪಕ್ಕದಿಂದ ಕರೆದ ಹಾಗೆ. ಮಾರನೆಯ ದಿನಕ್ಕೆ ಗಲ್ಲ ಒಂದು ಭುಜದ ಕಡೆ, ಕಿವಿ ಇನ್ನೊಂದು ಭುಜದ ಕಡೆ. ಹಾಗೇ ಕೂತು ಟಿವಿ ನೋಡುತ್ತಿದ್ದಳು, ಕಣ್ಣಿನ ಮೂಲೆಯಿಂದ. ಮಾತಿಲ್ಲ. ನಿಮ್ಮ ಅಮ್ಮ ಹೇಳುವುದು ನೆನಪಿದೆಯಲ್ಲ, “ನಮ್ಮ ಮನೆಯೋರ ಸಿಟ್ಟು ಕತ್ತಲ್ಲಿರುತ್ತೆ. ಬಾಯಿಗೂ ಬರಲ್ಲ, ಕೈಗೂ ಬರಲ್ಲ.” ಮಾವನವರು ಮದುವೆಯಾದ ಹೊಸದರಲ್ಲಿ ಯಾವುದಕ್ಕೋ ಕೋಪಿಸಿಕೊಂಡು ಹದಿನೈದು ದಿನ ಗೋಡೆ ನೋಡಿಕೊಂಡೇ ಊಟ ಮಾಡಿದ್ದರಂತೆ. “ಕೊನೆಗೆ ಗೋಡೆಗೇ ಬೇಜಾರಾಯ್ತು, ನಂಗಾಗ್ಲಿಲ್ಲ” ಎನ್ನುತ್ತಾರೆ. ನೀವಂತೂ ಈ ವಿದ್ಯೆಯಲ್ಲಿ ಪಂಡಿತರು. ನಿಮ್ಮ ಜೊತೆ ಬಾಳಿದ ವರ್ಷಗಳಲ್ಲಿ ನಿಮ್ಮ ಬಲಗಿವಿಯನ್ನು ನಾನು ನೋಡಿದಷ್ಟು ಯಾರೂ ನೋಡಿರಲಾರರು. ಮಗಳು ನಿಮ್ಮ ಸಲುವಾಗಿ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಅದನ್ನೂ ನಿಮ್ಮ ರೀತಿಯಲ್ಲೇ ಮುನಿಸಿಕೊಂಡಿದ್ದಾಳೆ ಎಂದು ನಾನು ತಿಳಿದದ್ದರಲ್ಲಿ ಆಶ್ಚರ್ಯವೇನಿದೆ? ನಾನೂ ನಿಮ್ಮ ಅಮ್ಮನೂ ಇಬ್ಬರೂ ಹಾಗೇ ತಿಳಿದೆವು. “ಬಿಡೇ, ರಕ್ತ ಎಲ್ಲಿ ಹೋಗುತ್ತೆ? ಅಪ್ಪನ ಪಡಿಯಚ್ಚು” ಎಂದು ಅವರು ನಕ್ಕರು. ನಾನು ನಗಲಿಲ್ಲ.

ನಿಮ್ಮ ಅಮ್ಮನಿಗೆ ನೋವಾಗುವ ಹಾಗೆ ಬರೆಯುತ್ತಿಲ್ಲ. ಮುಂದೆ ಓದಿ.

ಸೋಮವಾರ ಬೆಳಗ್ಗೆ ಅಂಗಡಿಗೆ ಹೊರಡುವ ಮೊದಲು ಗಂಟಲು ನೋಡೋಣವೆಂದು ಅಡುಗೆಮನೆಯ ಕಿಟಕಿಯ ಬೆಳಕಿಗೆ ಅವಳನ್ನು ಕೂರಿಸಿದೆ. ಈ ಕಡೆ ತಿರುಗು ಎಂದೆ. ಆಪರೇಷನ್ನಿನ ನಂತರ ಅವಳ ಧ್ವನಿ ಬಾಯಲ್ಲಿ ಹತ್ತಿ ತುರುಕಿಕೊಂಡವರ ಧ್ವನಿಯಂತಾಗಿತ್ತು. ಆ ಧ್ವನಿಯಲ್ಲಿ, ಗೋಡೆಯ ಕಡೆಗೇ ನೋಡುತ್ತ, “ಬರಲ್ಲ” ಎಂದಳು. ತಿರುಗೇ ಪೀಪಿ, ನಂಗೆ ಹೊತ್ತಾಗುತ್ತೆ ಎಂದೆ. “ಬರಲ್ಲಮ್ಮಾ.” ಯಾಕೆ ಬರಲ್ಲ ಎಂದು ರೇಗಿದೆ. ಅವಳು ಉತ್ತರ ಹೇಳಲಿಲ್ಲ. ಹೇಳಿಯಾಗಿತ್ತಲ್ಲ.

ನನಗೆ ಕೇಳಿಸಿದ್ದು ಅವಳ ಮಾತಲ್ಲ. ನಿಮ್ಮ ಸಂದೇಶ. ಚುಕ್ಕಿಯ ಸಮೇತ.

ನನ್ನ ಕೆಲಸ ನಿಮಗೆ ಗೊತ್ತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮುಖಗಳನ್ನು ನೇರಮಾಡುವುದು. ಗಲ್ಲದ ಕೆಳಗೆ ಎರಡು ಬೆರಳು, ತಲೆಯ ಹಿಂದೆ ಇನ್ನೊಂದು ಅಂಗೈ, ಹಗುರವಾಗಿ ತಿರುಗಿಸಿ, ‘ನನ್ನ ಮೂಗನ್ನೇ ನೋಡಿ’ ಎಂದು ಹೇಳಿ ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವುದು. ಕೈಗೆ ಅದು ಎಷ್ಟು ರೂಢಿಯೆಂದರೆ ಈಗ ನನ್ನನ್ನು ಕೇಳುವುದೂ ಇಲ್ಲ. ಅವತ್ತೂ ಕೇಳಲಿಲ್ಲ. ಎರಡು ಬೆರಳು ಗಲ್ಲದ ಕೆಳಗೆ ಹೋದವು, ಅಂಗೈ ತಲೆಯ ಹಿಂದೆ ಹೋಯಿತು, ತಿರುಗಿಸಿದೆ. ಎಷ್ಟು ಬಲವಾಗಿ ತಿರುಗಿಸಿದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಗಿರಾಕಿಗಳಿಗೆ ತಿರುಗಿಸುವಷ್ಟೇ ಎಂದುಕೊಂಡಿದ್ದೇನೆ. ಆದರೆ ಗಿರಾಕಿಗಳ ಮೇಲೆ ನನಗೆ ಸಿಟ್ಟಿರುವುದಿಲ್ಲ.

ಅವಳು ಕಿರುಚಿದಳು. ಗಂಟಲು ನೋವಿನ ಕೂಗು ನನಗೆ ಅಷ್ಟು ದಿನದಿಂದ ಪರಿಚಯವಿತ್ತು, ಇದು ಅದಲ್ಲ. ಗಾಯವಿರುವ ಗಂಟಲಿನಿಂದ ಅಂಥ ಕೂಗು ಹೊರಡಬಲ್ಲದೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ಕೈ ನೋಡಿಕೊಂಡು, “ಕೈ ಜುಮ್ ಅಂತಿದೆ” ಎಂದಳು. ಬಾಗಿಲಲ್ಲಿ ನಿಮ್ಮ ಅಮ್ಮ ನಿಂತಿದ್ದರು. ನಾನು ನೋವಿನ ಔಷಧಿ ಕುಡಿಸಿ, ಹಟ ಮಾಡಿದರೆ ಹೀಗೇ ಆಗುವುದು ಎಂದು ಹೇಳಿ, ಹೌದು, ಅದನ್ನೂ ಹೇಳಿ, ಅಂಗಡಿಗೆ ಹೋದೆ.

ಮಧ್ಯಾಹ್ನ ನಿಮ್ಮ ಅಮ್ಮನ ಫೋನು ಬಂತು. ಪೀಪಿ ನಿದ್ದೆ ಮಾಡುತ್ತಿದ್ದಾಳೆ ಎಂದರು. ಮಾಡ್ಲಿ ಬಿಡಿ ಅತ್ತೆ ಎಂದೆ. ಅವರು ಪಿಸುಮಾತಿನಲ್ಲಿ, “ನಿದ್ದೇಲೂ ಕತ್ತು ಹಾಗೇ ಇದೆ ಕಣೇ” ಎಂದರು. “ಮುನಿಸ್ಕೊಂಡೋರು ನಿದ್ದೇಲಿ ಮುನಿಸು ಮರೀತಾರೆ. ನಿಮ್ಮ ಮಾವ ಎಂಥಾ ಸಿಟ್ಟಲ್ಲಿ ಮಲಗಿದ್ರೂ ಗೊರಕೆ ಶುರುವಾದ್ಮೇಲೆ ಮುಖ ನನ್ ಕಡೇನೇ ಬರ್ತಿತ್ತು. ಇದು ಸಿಟ್ಟಲ್ಲ. ನೀನು ಬಾ.”

ಗಿರಾಕಿಯೊಬ್ಬರ ಮೂಗಿನ ಮೇಲೆ ಕನ್ನಡಕದ ಚೌಕಟ್ಟು ಅರ್ಧ ಕೂರಿಸಿದ್ದೆ. ಹಾಗೇ ಬಿಟ್ಟು ಓಡಿದೆ.

ಟ್ಯಾಕ್ಸಿಯಲ್ಲಿ ನಿಮ್ಮ ಅಮ್ಮ ಅವಳ ತಲೆಯ ಎರಡೂ ಪಕ್ಕ ಅಂಗೈಗಳನ್ನು ಹಿಡಿದುಕೊಂಡು ಕೂತಿದ್ದರು, ಮುಟ್ಟದೆ, ಗಾಳಿಯಲ್ಲಿ ದೀಪಕ್ಕೆ ಕೈ ಮರೆಮಾಡುವ ಹಾಗೆ. ರಸ್ತೆ ಕುಲುಕಿದಾಗಲೆಲ್ಲ ಚಾಲಕನಿಗೆ, “ಅಪ್ಪಾ, ಮೊಟ್ಟೆ ಇದೆ ಅಂದ್ಕೊಂಡು ಓಡ್ಸಪ್ಪ” ಎನ್ನುತ್ತಿದ್ದರು. ಪೀಪಿ ನಗಲು ಹೋಗಿ ನೋವಿಗೆ ನಿಲ್ಲಿಸಿದಳು.

ಗಂಟಲು ಡಾಕ್ಟರು ಎಂದಿನಂತೆ ನಗುತ್ತಲೇ ಬಂದರು. ಬಾಯಿ ತೆರೆಸಿ, ಗಾಯ ಚೆನ್ನಾಗಿ ಮಾಯುತ್ತಿದೆ ಎಂದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಅವಳು ಕೂತ ಭಂಗಿಯನ್ನು ನೋಡಿದರು. ಅವರ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಹೋಯಿತು. ದಾದಿಯನ್ನು ಕರೆದು ಮೆಲ್ಲನೆ, ಅವಳನ್ನು ಹಾಗೇ ಅಂಗಾತ ಮಲಗಿಸಿ, ಕೂರಿಸಬೇಡಿ, ನಡೆಸಬೇಡಿ ಎಂದರು. ದಾದಿಯರಿಬ್ಬರು ಮರಳಿನ ಚೀಲ ತಂದು ತಲೆಯ ಎರಡೂ ಪಕ್ಕ ಒತ್ತಿಟ್ಟರು. ಒಂಬತ್ತು ವರ್ಷದಿಂದ ಸೋಫಾದಿಂದ ಸೋಫಾಕ್ಕೆ ಹಾರಿದವಳನ್ನು ಇಷ್ಟು ಜೋಪಾನವಾಗಿ ಮಲಗಿಸುವುದನ್ನು ನೋಡಿದಾಗಲೇ ಇದು ಗಂಟಲಿನ ವಿಷಯವಲ್ಲ ಎಂದು ನನಗೆ ತಿಳಿದದ್ದು.

ಸ್ಕ್ಯಾನ್ ಆಯಿತು. ಮೂಳೆ ಡಾಕ್ಟರು ಬಂದರು. ಹೆಂಗಸು, ನನ್ನ ವಯಸ್ಸಿನವರೇ ಇರಬೇಕು, ಕಿವಿಯ ಹತ್ತಿರ ನರೆ. ಚಿತ್ರ ತೋರಿಸಿದರೆ ನನಗೆ ಅರ್ಥವಾಗದೆಂದು ಬೆರಳಿನ ಉಂಗುರ ಬಿಚ್ಚಿ ಇನ್ನೊಂದು ಕೈಯ ತೋರುಬೆರಳಿಗೆ ಸಡಿಲವಾಗಿ ತೊಡಿಸಿ ತೋರಿಸಿದರು. ಕತ್ತಿನ ಮೇಲಿನ ಮೂಳೆ ಉಂಗುರ. ಅದರ ಕೆಳಗಿನದು ಉಂಗುರದೊಳಗೆ ನಿಂತ ಬೆರಳು. ನಾವು ‘ಇಲ್ಲ, ಇಲ್ಲ’ ಎಂದು ತಲೆಯಾಡಿಸುವಾಗ ಬೆರಳಿನ ಸುತ್ತ ಉಂಗುರ ಸುತ್ತುತ್ತದೆ. ಅದು ಜಾರದಂತೆ ಹಿಡಿದುಕೊಂಡಿರುವುದು ಒಂದು ಗಟ್ಟಿ ಪಟ್ಟಿ. ಟಾನ್ಸಿಲ್ ತೆಗೆದ ಜಾಗದ ಬಾವು ಎಲ್ಲೋ ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಹಿಂದಕ್ಕೆ ಹರಡಿ ಆ ಪಟ್ಟಿಯನ್ನು ಸಡಿಲಮಾಡಿಬಿಡುತ್ತದಂತೆ. ಉಂಗುರ ಜಾರಿ, ಓರೆಯಾಗಿ, ಅಲ್ಲೇ ಕಚ್ಚಿಕೊಳ್ಳುತ್ತದೆ. ಬೆರಳಿನ ಬೆನ್ನ ಹಿಂದೆಯೇ, ಅದೇ ಉಂಗುರದೊಳಗೆ, ಬೆನ್ನುಹುರಿ ಇಳಿಯುತ್ತದೆ. ಕೈಕಾಲುಗಳೆಲ್ಲ, ಉಸಿರೂ, ಅದರ ಮೂಲಕವೇ. ಇದನ್ನು ಹೇಳುವಾಗ ಅವರು ಉಂಗುರವನ್ನು ಮೆಲ್ಲಗೆ ಒಂದು ಬದಿಗೆ ಸರಿಸಿದರು. ಒಳಗೆ ಜಾಗ ಎಷ್ಟು ಕಿರಿದಾಯಿತೆಂದು ನನಗೇ ಕಂಡಿತು.

ಇಂಥದ್ದನ್ನು ನೀವು ನೋಡಿದ್ದೀರಾ ಎಂದು ಕೇಳಿದೆ. ಒಂದು ಸಲ ನೋಡಿದ್ದೇನೆ, ಇದು ಎರಡನೆಯದು ಎಂದರು. ಮೊದಲನೆಯ ಮಗು ಏನಾಯಿತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆಮೇಲೆ ಅವರು, ಮನೇಲಿ ಯಾರಾದ್ರೂ ಕತ್ತು ನೀವೋದು, ತಿರುಗಿಸೋದು ಏನಾದ್ರೂ ಮಾಡಿದ್ರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅಮ್ಮ, “ಇಲ್ಲಮ್ಮ, ಯಾರೂ ಮುಟ್ಟಿಲ್ಲ” ಎಂದರು. ನನ್ನ ಕಡೆ ನೋಡದೆ, ತೀರ ಸಹಜವಾಗಿ. ನೀವು ಊರು ಬಿಟ್ಟಾಗ “ಅವನು ಹೋದ ಅಂತ ನಾನ್ಯಾಕೆ ಹೋಗ್ಲಿ, ನನ್ ಮೊಮ್ಮಗಳಿರೋದು ಇಲ್ಲಿ” ಎಂದು ಉಳಿದವರು, ನನ್ನ ಸಾರಿಗೆ ಉಪ್ಪು ಕಮ್ಮಿ ಎನ್ನುವುದನ್ನು ಒಂದು ದಿನವೂ ಬಿಡದವರು, ಅವತ್ತು ನನಗಾಗಿ ಸುಳ್ಳು ಹೇಳಿದರು. ನನಗೆ ಅದನ್ನು ಹೊರಲಾಗಲಿಲ್ಲ. ನಾನು ತಿರುಗಿಸಿದೆ ಎಂದೆ. ಡಾಕ್ಟರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಯಾವ ಕಡೆಯಿಂದ ಯಾವ ಕಡೆಗೆ, ಆಮೇಲೆ ಮಗು ಏನಂದಳು ಎಂದು ಮಾತ್ರ ಕೇಳಿದರು. ಕೈ ಜುಮ್ ಅಂತಿದೆ ಅಂದಳು ಎಂದಾಗ ಪೆನ್ನು ಕೆಳಗಿಟ್ಟರು.

“ಇದು ನಿಮ್ಮ ಕೈಯಿಂದ ಬಂದಿದ್ದಲ್ಲ. ಅದಕ್ಕೂ ಮೊದಲೇ ಜಾರಿತ್ತು, ಅದಕ್ಕೇ ಅವಳು ಓರೆಯಾಗಿದ್ದದ್ದು. ಆದ್ರೆ ಬೆಳಗ್ಗೆ ಇನ್ನೊಂದು ಚೂರು…” ಎಂದವರು ಅಲ್ಲಿಗೆ ನಿಲ್ಲಿಸಿ, ಇನ್ನು ಮೇಲೆ ಯಾರ ಕೈಯೂ ಬೇಡ ಎಂದು ಎದ್ದರು. ಆ ವಾಕ್ಯವನ್ನು ನಾನು ಆಗಿನಿಂದ ಪೂರ್ತಿಮಾಡುತ್ತಲೇ ಇದ್ದೇನೆ. ಹಲ್ಲುಜ್ಜುವಾಗ, ಲಿಫ್ಟಿಗೆ ಕಾಯುವಾಗ, ಈಗ ಇಲ್ಲಿ ಕೂತು ಬರೆಯುವಾಗ.

ಇಲ್ಲಿನ ಸ್ಥಿತಿ ಹೇಳುತ್ತೇನೆ. ವಾರ್ಡಿನ ಕೊನೆಯ ಮಂಚ. ಗಲ್ಲದ ಕೆಳಗೆ ಹಾಗೂ ತಲೆಯ ಹಿಂದೆ ಮೆತ್ತನೆಯ ಪಟ್ಟಿ, ಅದಕ್ಕೆ ಹಗ್ಗ, ಹಗ್ಗ ತಲೆದಿಂಬಿನ ಆಚೆ ಒಂದು ರಾಟೆಯ ಮೇಲಿಂದ ಇಳಿದು ತೂಕದ ಚೀಲಕ್ಕೆ ಸೇರುತ್ತದೆ. ಆ ತೂಕ ಕತ್ತನ್ನು ಮೆಲ್ಲಗೆ ಎಳೆಯುತ್ತಿರುತ್ತದೆ. ಹಾಗೆ ಎಳೆದೆಳೆದೇ ಉಂಗುರ ತನ್ನ ಜಾಗಕ್ಕೆ ಮರಳಬೇಕು. ಹೆಚ್ಚಿನ ಮಕ್ಕಳಲ್ಲಿ ಮರಳುತ್ತದಂತೆ. ಬಾವು ಇಳಿಯಲು ನರದ ಮೂಲಕ ಔಷಧಿ ಹೋಗುತ್ತಿದೆ. ಪೀಪಿ ಆ ತೂಕದ ಚೀಲಕ್ಕೆ ‘ಅಜ್ಜಿ’ ಎಂದು ಹೆಸರಿಟ್ಟಿದ್ದಾಳೆ, ಜಡೆ ಹಾಕುವಾಗ ಅಜ್ಜಿ ಹೀಗೇ ಎಳೆಯುವುದು ಎಂದು. ನಿಮ್ಮ ಅಮ್ಮ “ಎಳೀದಿದ್ರೆ ಜಡೆ ನಿಲ್ಲುತ್ತೇನೇ?” ಎಂದು ವಾದಕ್ಕಿಳಿದರು. ದಾದಿಯರೂ ಈಗ ‘ಅಜ್ಜಿ ನೆಲಕ್ಕೆ ತಾಗ್ತಿಲ್ಲ ತಾನೇ’ ಎಂದೇ ಕೇಳುತ್ತಾರೆ. ಹೊಸಬರು ಬಂದರೆ ಗಾಬರಿಯಾಗುತ್ತಾರೆ.

ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತೇನೆ. ಅವಳ ಹಣೆಯ ಮೇಲಿನ ಕೂದಲು ಸರಿಸಲೂ ಭಯ. ಅವಳು ನುಂಗಿದರೆ ಭಯ, ಸೀನು ಬಂದರೆ ಇನ್ನೂ ಭಯ. ನಿನ್ನೆ ಅವಳಿಗೆ ಬಿಕ್ಕಳಿಕೆ ಬಂತು. ಒಂದೊಂದು ಬಿಕ್ಕಳಿಕೆಗೂ ಹಗ್ಗ ಅಲುಗಿತು. ಅದು ನಿಲ್ಲುವವರೆಗೆ ನಾನು ಏನೇನು ಒಪ್ಪಿಕೊಂಡೆ, ಯಾರಿಗೆ ಏನೇನು ಮಾತು ಕೊಟ್ಟೆ ಎಂದು ಕೇಳಬೇಡಿ. ಅದರಲ್ಲಿ ಒಂದು ನಿಮಗೆ ಸಂಬಂಧಪಟ್ಟದ್ದೂ ಇತ್ತು.

ನಿನ್ನೆ ಧೈರ್ಯಮಾಡಿ ಅವಳನ್ನೇ ಕೇಳಿದೆ. ಕತ್ತು ತಿರುಗುತ್ತಿಲ್ಲ ಎಂದು ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು. ಅವಳು ಚಾವಣಿಯ ಕಡೆ ಕಣ್ಣು ತಿರುಗಿಸಿ, “ಹೇಳಿದ್ನಲ್ಲಮ್ಮ, ಬರಲ್ಲ ಅಂತ” ಎಂದಳು. ನೀನು ಬರಲ್ಲ ಅಂತಿದೀಯ ಅಂದ್ಕೊಂಡೆ ಕಣೇ ಎಂದೆ. “ನಾನಲ್ಲ. ಕತ್ತು.” ಆಮೇಲೆ, ನನ್ನ ದಡ್ಡತನಕ್ಕೆ ಕನಿಕರಪಟ್ಟವಳ ಹಾಗೆ, “ನಂಗೆ ಈಜು ಬರಲ್ಲ ಅಂದ್ರೆ ನಾನು ಹಟ ಮಾಡ್ತಿದೀನಿ ಅಂತಾನಾ?” ಎಂದಳು.

ಅಲ್ಲವೇ ಮತ್ತೆ? ನಿದ್ದೆ ಬರಲ್ಲ, ಅಳು ಬರಲ್ಲ, ಹಾಡು ಬರಲ್ಲ, ಹೇಳೋಕೆ ಮಾತು ಬರಲ್ಲ. ಇವುಗಳಲ್ಲಿ ಯಾವುದೂ ಹಟವಲ್ಲ. ಒಳಗಿನಿಂದ ಏನೋ ಒಂದು ಬರಬೇಕು, ಅದು ಬರುತ್ತಿಲ್ಲ ಎಂಬುದಷ್ಟೇ. ನಮ್ಮ ಭಾಷೆ ‘ಒಲ್ಲೆ’ ಎಂಬುದನ್ನೂ ‘ಆಗದು’ ಎಂಬುದನ್ನೂ ಒಂದೇ ಮಾತಿನಲ್ಲಿ ಇಟ್ಟುಬಿಟ್ಟಿದೆ. ಯಾರು ಹೇಳಿದರು, ಹೇಗೆ ಹೇಳಿದರು ಎಂದು ನೋಡಿ ನಾವೇ ತಿಳಿದುಕೊಳ್ಳಬೇಕು. ನಾನು ನೋಡಲಿಲ್ಲ.

ಆಗ ನನ್ನದೇ ಮಾತು ನೆನಪಾಯಿತು. ವರ್ಗವಾಯಿತೆಂದು ನೀವು ಬಂದು ಹೇಳಿದ ದಿನ. ಎಲ್ಲರೂ ಹೋಗೋಣ, ಬಾ ಎಂದಿರಿ. ನಾನು ತಟ್ಟೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ “ಬರಲ್ಲ” ಎಂದೆ. ನೀವು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಎಷ್ಟೋ ವರ್ಷದಿಂದ ಕಟ್ಟಿದ ಅಂಗಡಿ, ಹೊಸ ಊರಲ್ಲಿ ಈ ವಯಸ್ಸಿಗೆ ನಾನು ಯಾರು ಎಂಬ ದಿಗಿಲು. ಬರಲು ನನ್ನಿಂದ ಆಗುತ್ತಿರಲಿಲ್ಲ. ನಿಮಗೆ ಕೇಳಿಸಿದ್ದು ‘ನಿಮ್ಮ ಜೊತೆ ಬರಲೊಲ್ಲೆ’ ಎಂದು. ಅದಕ್ಕೆ ನೀವು ಮುಖ ತಿರುಗಿಸಿದಿರಿ, ಒಬ್ಬರೇ ಹೋದಿರಿ.

ನಿಮ್ಮ ಸಂದೇಶದ ಪದವನ್ನು ಈಗ ಮತ್ತೆ ತೆಗೆದು ನೋಡಿದೆ. ರಜ ಸಿಗಲಿಲ್ಲವೇ? ನನ್ನ ಎದುರು ನಿಲ್ಲಲು ಧೈರ್ಯ ಬರಲಿಲ್ಲವೇ? ಇಲ್ಲಾ, ನಾನು ಅಂದುಕೊಂಡದ್ದೇ ಸರಿಯೇ? ಇದನ್ನು ಜಗಳಕ್ಕಾಗಿ ಕೇಳುತ್ತಿಲ್ಲ. ಒಂದು ಸಲ ಕೇಳದೆ ತಿಳಿದುಕೊಂಡು ಏನಾಗುವುದರಲ್ಲಿತ್ತು ಎಂದು ಕಣ್ಣಾರೆ ಕಂಡವಳು ಕೇಳುತ್ತಿದ್ದೇನೆ.

ಹಾಗೆಂದು ನೀವು ಎದ್ದುಬಿದ್ದು ಬರಬೇಕೆಂದಿಲ್ಲ. ಇಲ್ಲಿ ನಾನಿದ್ದೇನೆ, ನಿಮ್ಮ ಅಮ್ಮ ಇದ್ದಾರೆ, ಒಳ್ಳೆಯ ಡಾಕ್ಟರಿದ್ದಾರೆ. ತೂಕ ಹಾಕಿ ಕಾದು ನೋಡುತ್ತಿದ್ದಾರೆ. ನಿಮಗೆ ಗೊತ್ತಿರಲಿ ಎಂದು ಬರೆದೆ. ಕೆಲಸ ನೋಡಿಕೊಂಡು, ಅನುಕೂಲವಾದಾಗ ಬನ್ನಿ. ನಿಮ್ಮ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ.

ಇಂತು,
ಪೀಪಿಯ ಅಮ್ಮ

ತಾ.ಕ.: ಕಾದು ನೋಡುತ್ತಿದ್ದಾರೆ ಎಂದು ಬರೆದದ್ದು ನಿನ್ನೆಯವರೆಗಿನ ಮಾತು. ಲಕೋಟೆ ಅಂಟಿಸಿ, ಮತ್ತೆ ಹರಿದು, ಇದನ್ನು ಬರೆಯುತ್ತಿದ್ದೇನೆ. ಅನುಕೂಲ ನೋಡಿಕೊಂಡು ಬನ್ನಿ ಎಂದವಳು ಪತ್ರವನ್ನು ಅಂಚೆಗೆ ಹಾಕದೆ ಕಾರಿನಲ್ಲಿ ಕಳಿಸುವುದೇಕೆ ಎಂದು ನಿಮಗೂ ಹೊಳೆದಿರಬೇಕು.

ಇವತ್ತು ಬೆಳಗ್ಗೆ ದಾದಿ ಆಟವಾಡೋಣ ಎಂದು ಪೀಪಿಗೆ ಕಣ್ಣು ಮುಚ್ಚಲು ಹೇಳಿ, ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಯಾವುದೆಂದು ಕೇಳಿದಳು. ಕಿರುಬೆರಳು ಮುಟ್ಟಿದಾಗ ಪೀಪಿ ಹೆಬ್ಬೆರಳು ಎಂದಳು. ಇನ್ನೊಂದನ್ನು ಮುಟ್ಟಿದಾಗ, “ಇನ್ನೂ ಮುಟ್ಟಿಲ್ಲ ನೀವು” ಎಂದಳು. ದಾದಿ, ‘ಜಾಣೆ’ ಎಂದು ಅವಳ ಅಂಗೈ ತಟ್ಟಿ ಮೆಲ್ಲಗೆ ಬಾಗಿಲವರೆಗೆ ನಡೆದಳು. ಬಾಗಿಲು ದಾಟಿದ ಮೇಲೆ ಓಡಿದಳು. ನನಗೆ ಅವಳ ಚಪ್ಪಲಿಯ ಸದ್ದು ಕೇಳಿಸಿತು.

ಉಂಗುರ ಮರಳಿಲ್ಲ. ನಾಳೆ ಬೆಳಗಿನ ಮೊದಲ ಆಪರೇಷನ್ ಅವಳದು. ಕತ್ತಿನ ಹಿಂದಿನಿಂದ ಹೋಗಿ ಎರಡು ಮೂಳೆಗಳನ್ನೂ ಸ್ಕ್ರೂ ಹಾಕಿ ಒಂದಾಗಿಸುತ್ತಾರೆ. ಎಲ್ಲ ಸರಿಯಾಗಿ ಆದರೂ ಅವಳ ಕತ್ತು ಮುಂದೆ ಅರ್ಧವೇ ತಿರುಗುವುದಂತೆ. ಸರಿಯಾಗಿ ಆಗದಿದ್ದರೆ ಏನು ಎಂಬುದನ್ನೂ ಡಾಕ್ಟರು ಹೇಳಿದರು. ಅದನ್ನು ಬರೆಯಲು ಕೈ ಏಳುತ್ತಿಲ್ಲ. ನಿಮ್ಮ ಅಮ್ಮನಿಗೂ ಹೇಳಿಲ್ಲ. ಇಡೀ ಆಸ್ಪತ್ರೆಯಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ನನಗೆ ಭಯವಾಗುತ್ತಿದೆ ರೀ. ಬನ್ನಿ.

ನನ್ನ ತಮ್ಮ ನಿಮ್ಮ ಮನೆಯ ಕೆಳಗೆ ಕಾರಿನಲ್ಲೇ ಕಾಯುತ್ತಿರುತ್ತಾನೆ. ಬಟ್ಟೆಬರೆ ಹುಡುಕುತ್ತ ಕೂರಬೇಡಿ, ಉಟ್ಟ ಬಟ್ಟೆಯಲ್ಲೇ ಹೊರಡಿ. ಬಂದಾಗ ವಾರ್ಡಿನ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಬೇಡಿ, ದಮ್ಮಯ್ಯ, ನಿಮ್ಮ ಧ್ವನಿ ಕೇಳಿದರೆ ತಿರುಗಲು ನೋಡುತ್ತಾಳೆ. ಸದ್ದಿಲ್ಲದೆ ಮಂಚ ಸುತ್ತಿಕೊಂಡು ಕಿಟಕಿಯ ಪಕ್ಕಕ್ಕೆ ಬಂದು ನಿಲ್ಲಿ. ಅವಳ ಮುಖ ಆ ಕಡೆಗಿದೆ.